ನೋವಾಗದ ಕಡಿತದ ಗುಟ್ಟು

ಕೆಂಪಿರುವೆ ಕಚ್ಚಿದರೆ ಆ ಕ್ಷಣವೇ ಕೈ ಕೊಡವುತ್ತೇವೆ. ಜೇನುನೊಣ ಚುಚ್ಚಿದರೆ ಕೇರಿಗೆಲ್ಲ ಕೇಳುವಂತೆ ಕೂಗುತ್ತೇವೆ. ಆದರೆ ಕಾಡಂಚಿನಲ್ಲಿ ದನ ಮೇಯಿಸುವ ಹುಡುಗನ ಕಿವಿಯ ಹಿಂದೆ ಉಣುಗೊಂದು ತನ್ನ ಮೂತಿಯನ್ನು ಚರ್ಮದೊಳಕ್ಕೆ ಹೂತು ಮೂರು ದಿನ ರಕ್ತ ಹೀರುತ್ತಿದ್ದರೂ ಅವನಿಗೆ ಗೊತ್ತೇ ಆಗದಿರಬಹುದು. ತಲೆಗೆ ಎಣ್ಣೆ ಹಚ್ಚುವಾಗ ಅಮ್ಮನ ಬೆರಳಿಗೆ ಜೋಳದ ಕಾಳಿನಂಥದ್ದೇನೋ ತಗುಲಿದಾಗಲೇ ವಿಷಯ ತಿಳಿಯುವುದು. ಇರುವೆಯ ಕಡಿತಕ್ಕಿಂತ ಉಣುಗಿನ ಕಡಿತ ಆಳವಾದದ್ದು. ಹಾಗಿದ್ದೂ ನೋವೇಕೆ ಇಲ್ಲ?

ಸ್ವಲ್ಪ ಯೋಚಿಸಿ. ಇರುವೆ ಕಚ್ಚುವುದು ನಮ್ಮನ್ನು ಓಡಿಸಲು. ನೋವಾದರೇನೇ ಅದರ ಕೆಲಸ ಆದಂತೆ. ಉಣುಗು, ಸೊಳ್ಳೆ, ತಿಗಣೆಗಳು ಬಂದಿರುವುದು ಊಟಕ್ಕೆ. ನಮಗೆ ಎಚ್ಚರವಾದರೆ ಅವುಗಳ ಊಟವೂ ಹೋಯಿತು, ಪ್ರಾಣವೂ ಹೋಯಿತು. ಆದ್ದರಿಂದ ಈ ರಕ್ತಭಕ್ಷಕಗಳ ಜೊಲ್ಲಿನಲ್ಲಿ ನಮ್ಮ ಶರೀರದ ಎಚ್ಚರಿಕೆಯ ಗಂಟೆಗಳನ್ನು ಒಂದೊಂದಾಗಿ ನಿಲ್ಲಿಸುವ ಏರ್ಪಾಡು ಇದೆ. ಆ ಏರ್ಪಾಡಿನ ಮುಖ್ಯ ಕೆಲಸಗಾರರೇ ಕಿಣ್ವಗಳು.

ಕಿಣ್ವವೆಂದರೇನು? ಪಾಠದಲ್ಲಿ ಓದಿದ್ದು ಮರೆತಿದ್ದರೆ ಅಡುಗೆಮನೆಗೆ ಹೋಗಿ. ತೆಳ್ಳಗಿನ ಗಂಜಿ ನೀರನ್ನು ಎರಡು ಲೋಟಗಳಲ್ಲಿ ತೆಗೆದುಕೊಂಡು ಉಗುರು ಬೆಚ್ಚಗಾಗಲು ಬಿಡಿ. ಒಂದು ಲೋಟಕ್ಕೆ ಸ್ವಲ್ಪ ಜೊಲ್ಲು ಸೇರಿಸಿ ಕಲಕಿ, ಕಾಲು ಗಂಟೆ ಕಾಯಿರಿ. ಆಮೇಲೆ ಎರಡಕ್ಕೂ ಒಂದೊಂದು ತೊಟ್ಟು ಟಿಂಚರ್ ಅಯೋಡಿನ್ ಹಾಕಿ. ಬರೀ ಗಂಜಿ ಇರುವ ಲೋಟ ಕಡುನೀಲಿಯಾಗುತ್ತದೆ. ಜೊಲ್ಲು ಬೆರೆತ ಲೋಟದಲ್ಲಿ ನೀಲಿ ಬಣ್ಣ ಬಾರದು, ಬಂದರೂ ತೀರ ಮಂಕಾಗಿರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸಿದ್ದೇ ಇದಕ್ಕೆ ಕಾರಣ. ಪ್ರಯೋಗ ಮುಗಿದ ಮೇಲೆ ಲೋಟಗಳನ್ನು ಚೆನ್ನಾಗಿ ತೊಳೆದಿಡಿ. ಅಯೋಡಿನ್ ಬಾಯಿಗೆ ಹೋಗಬಾರದು.

ಕಿಣ್ವ ಒಂದು ಪ್ರೋಟೀನು. ರಾಸಾಯನಿಕ ಕ್ರಿಯೆಯನ್ನು ಅದು ಬಹಳ ಬೇಗ ನಡೆಸಿಕೊಡುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ. ಹಾಗಾಗಿ ಒಂದೇ ಕಿಣ್ವದ ಅಣು ಸಾವಿರಾರು ಸಲ ಅದೇ ಕೆಲಸವನ್ನು ಮಾಡಬಲ್ಲುದು. ಒಂದು ಬೀಗಕ್ಕೆ ಒಂದು ಕೀಲಿಕೈ ಎನ್ನುವಂತೆ ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಸೊಳ್ಳೆಯ ಜೊಲ್ಲು ಎಷ್ಟಿರಲು ಸಾಧ್ಯ? ಕಣ್ಣಿಗೂ ಕಾಣದಷ್ಟು. ಆದರೂ ಅದು ನಮ್ಮ ಶರೀರದ ವ್ಯವಸ್ಥೆಯನ್ನು ಏಮಾರಿಸುತ್ತದೆಂದರೆ ಕಿಣ್ವಗಳ ಈ ಮಿತವ್ಯಯವೇ ಕಾರಣ.

ಈಗ ಗಾಯದ ಕಡೆಗೆ ಬರೋಣ. ಬ್ಲೇಡಿನಿಂದ ಬೆರಳು ಕೊಯ್ದರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ಮೊದಲು ರಕ್ತನಾಳ ಕುಗ್ಗುತ್ತದೆ. ನಂತರ ಕಿರುತಟ್ಟೆಗಳು, ಅಂದರೆ ಡೆಂಗಿ ಜ್ವರ ಬಂದಾಗ ಎಲ್ಲರ ಬಾಯಲ್ಲೂ ಬರುವ ಪ್ಲೇಟ್‌ಲೆಟ್‌ಗಳು, ಓಡಿಬಂದು ತೂತಿಗೆ ಅಂಟಿಕೊಳ್ಳುತ್ತವೆ. ಕೊನೆಗೆ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದುಕೊಂಡು ರಕ್ತ ಹೆಪ್ಪುಗಟ್ಟುತ್ತದೆ. ಗಾಯವಾಗಿದೆ ಎಂದು ಕಿರುತಟ್ಟೆಗಳಿಗೆ ತಿಳಿಯುವುದು ಹೇಗೆ? ಒಡೆದ ಜೀವಕೋಶಗಳಿಂದ ಎ.ಟಿ.ಪಿ. ಮತ್ತು ಎ.ಡಿ.ಪಿ. ಎಂಬ ವಸ್ತುಗಳು ಹೊರಕ್ಕೆ ಚೆಲ್ಲುತ್ತವೆ. ಎ.ಡಿ.ಪಿ. ಎಂಬುದು ಕಿರುತಟ್ಟೆಗಳ ಪಾಲಿಗೆ 'ಬನ್ನಿ, ಸೇರಿಕೊಳ್ಳಿ' ಎಂಬ ಕೂಗಿದ್ದಂತೆ.

ಸೊಳ್ಳೆ ಈ ಕೂಗನ್ನೇ ಅಡಗಿಸುತ್ತದೆ. ಅದರ ಜೊಲ್ಲಿನಲ್ಲಿರುವ ಅಪೈರೇಸ್ ಎಂಬ ಕಿಣ್ವ ಎ.ಟಿ.ಪಿ. ಮತ್ತು ಎ.ಡಿ.ಪಿ.ಗಳನ್ನು ಕತ್ತರಿಸಿ ಎ.ಎಂ.ಪಿ. ಎಂಬ ನಿರುಪಯೋಗಿ ತುಂಡಾಗಿ ಮಾಡುತ್ತದೆ. ಕರೆ ಬಾರದಿದ್ದರೆ ಕಿರುತಟ್ಟೆಗಳು ಸೇರುವುದೂ ಇಲ್ಲ. ಅಮೆರಿಕದಲ್ಲಿ ಹೋಸೆ ರಿಬೇರೊ ಮತ್ತು ಸಂಗಡಿಗರು 1984ರಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯಲ್ಲಿ ಇದನ್ನು ವಿವರವಾಗಿ ತೋರಿಸಿದರು. ಜೊಲ್ಲು ಹರಿಯುವ ನಾಳವನ್ನು ಕತ್ತರಿಸಿದ ಸೊಳ್ಳೆಗಳೂ ರಕ್ತ ಹೀರಬಲ್ಲವು. ಆದರೆ ರಕ್ತನಾಳವನ್ನು ಹುಡುಕಲು ಅವುಗಳಿಗೆ ಹೆಚ್ಚು ಹೊತ್ತು ಬೇಕಾಗುತ್ತದೆ. ಹೆಚ್ಚು ಹೊತ್ತು ಕೂತಷ್ಟೂ ಏಟು ಬೀಳುವ ಸಂಭವ ಹೆಚ್ಚು.

ಇಲ್ಲೊಂದು ಸ್ವಾರಸ್ಯವಿದೆ. ರಕ್ತ ಕುಡಿಯುವುದು ಹೆಣ್ಣು ಸೊಳ್ಳೆ ಮಾತ್ರ. ಗಂಡಿಗೆ ಹೂವಿನ ಮಕರಂದವೇ ಸಾಕು. ಈಡಿಸ್ ಸೊಳ್ಳೆಯ ಗಂಡು, ಹೆಣ್ಣು ಎರಡರ ಜೊಲ್ಲಿನಲ್ಲೂ ಸಕ್ಕರೆ ಜೀರ್ಣಿಸುವ ಕಿಣ್ವ ಇದೆ. ಅಪೈರೇಸ್ ಮಾತ್ರ ಹೆಣ್ಣಿನಲ್ಲಿ ಇದೆ, ಗಂಡಿನಲ್ಲಿ ಇಲ್ಲ. ಪ್ರಕೃತಿ ಬೇಡದ ಉಪಕರಣವನ್ನು ಯಾರ ಚೀಲಕ್ಕೂ ಹಾಕುವುದಿಲ್ಲ.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದು ಸಂಗತಿ. ಕೋಳಿಗಳ ಮಲೇರಿಯ ರೋಗಾಣು ಹೊತ್ತ ಸೊಳ್ಳೆಗಳನ್ನು ಪರೀಕ್ಷಿಸಿದಾಗ ಅವುಗಳ ಜೊಲ್ಲಿನಲ್ಲಿ ಅಪೈರೇಸ್ ಕಡಿಮೆಯಾಗಿತ್ತು. ರೋಗಾಣು ಜೊಲ್ಲಿನ ಗ್ರಂಥಿಗಳಲ್ಲಿ ಮನೆ ಮಾಡಿ ಅವನ್ನು ಕೆಡಿಸಿತ್ತು. ಪರಿಣಾಮವೇನು? ಅಂಥ ಸೊಳ್ಳೆ ರಕ್ತಕ್ಕಾಗಿ ಹೆಚ್ಚು ಹೊತ್ತು ಚುಚ್ಚಿ ಚುಚ್ಚಿ ಹುಡುಕುತ್ತದೆ. ಪ್ರತಿ ಚುಚ್ಚಿನಲ್ಲೂ ಸ್ವಲ್ಪ ಜೊಲ್ಲು, ಅದರ ಜೊತೆಗೆ ರೋಗಾಣು ಒಳಕ್ಕಿಳಿಯುತ್ತದೆ. ಸೊಳ್ಳೆಗೆ ಆದ ನಷ್ಟ ರೋಗಾಣುವಿಗೆ ಲಾಭ!

ರಕ್ತ ಹೆಪ್ಪುಗಟ್ಟುವುದೂ ನಮ್ಮ ಶರೀರದ ಕಿಣ್ವಗಳ ಕೆಲಸವೇ. ಒಂದು ಕಿಣ್ವ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಈ ಸಾಲಿನ ಕೊನೆಯಲ್ಲಿ ನಿಂತಿರುವ ಥ್ರಾಂಬಿನ್ ಎಂಬ ಕಿಣ್ವ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನು ಫೈಬ್ರಿನ್ ನಾರಾಗಿ ಮಾಡುತ್ತದೆ. ರಕ್ತಭಕ್ಷಕಗಳು ಇಲ್ಲಿ ಬೇರೆ ತಂತ್ರ ಹೂಡುತ್ತವೆ. ನಮ್ಮ ಕಿಣ್ವದ ಬೀಗದೊಳಗೆ ಸುಳ್ಳು ಕೀಲಿಕೈ ತುರುಕಿ ಅದನ್ನು ಅಲ್ಲೇ ಸಿಕ್ಕಿಸಿಬಿಡುತ್ತವೆ. ಇಂಥ ವಸ್ತುಗಳಿಗೆ ಕಿಣ್ವರೋಧಕಗಳೆಂದು ಹೆಸರು. ಜಿಗಣೆಯ ಜೊಲ್ಲಿನ ಹಿರುಡಿನ್ ಇದಕ್ಕೆ ಹಳೆಯ ಉದಾಹರಣೆ. ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆಯಲ್ಲೂ ಉಣುಗಿನಲ್ಲೂ ಇಂಥವು ಇವೆ. ಜಿಗಣೆ ಬಿಟ್ಟ ಮೇಲೂ ಗಾಯದಿಂದ ರಕ್ತ ಜಿನುಗುತ್ತಲೇ ಇರುವುದು ಏಕೆಂದು ಮಲೆನಾಡಿನ ಮಕ್ಕಳಿಗೆ ಈಗ ಹೊಳೆದಿರಬೇಕು.

ಇನ್ನು ನಮ್ಮ ಮೊದಲ ಪ್ರಶ್ನೆ: ನೋವು. ಅಂಗಾಂಶಕ್ಕೆ ಪೆಟ್ಟಾದಾಗ ಬ್ರಾಡಿಕೈನಿನ್ ಎಂಬ ಸಣ್ಣ ಪ್ರೋಟೀನು ತುಂಡು ಹುಟ್ಟುತ್ತದೆ. ನರದ ತುದಿಗಳನ್ನು ಕೆಣಕಿ ನೋವೆಬ್ಬಿಸುವ ವಸ್ತುಗಳಲ್ಲಿ ಇದು ಮುಖ್ಯವಾದದ್ದು. ಅಮೆರಿಕದಲ್ಲಿ ಲೈಮ್ ಕಾಯಿಲೆಯನ್ನು ಹರಡುವ ಜಿಂಕೆ ಉಣುಗಿನ ಜೊಲ್ಲಿನಲ್ಲಿ ಈ ಬ್ರಾಡಿಕೈನಿನ್ ಅನ್ನು ಕತ್ತರಿಸಿ ಹಾಕುವ ಕಿಣ್ವ ಇರುವುದು ಪತ್ತೆಯಾಗಿದೆ. ಅದಕ್ಕೆ ಕೈನಿನೇಸ್ ಎನ್ನುತ್ತಾರೆ. ನೋವಿನ ಸುದ್ದಿ ಮಿದುಳಿಗೆ ಹೊರಡುವ ಮೊದಲೇ ಕಾಗದ ಹರಿದಂತೆ.

ಇಂಥದೇ ಕೆಲಸ ಮಾಡುವ ಕಿಣ್ವ ನಮ್ಮ ಶರೀರದಲ್ಲೂ ಇದೆ. ಮನೆಯ ಹಿರಿಯರು ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರಬಹುದು. ಆ ಮಾತ್ರೆಗಳು ತಡೆಯುವುದು ಆ ಕಿಣ್ವವನ್ನೇ. ಕಿಣ್ವ ನಿಂತಾಗ ಬ್ರಾಡಿಕೈನಿನ್ ಸ್ವಲ್ಪ ಹೆಚ್ಚು ಉಳಿಯುತ್ತದೆ. ಇಂಥ ಮಾತ್ರೆ ನುಂಗುವ ಕೆಲವರಿಗೆ ಒಣಕೆಮ್ಮು ಕಾಡುವುದಕ್ಕೆ ಇದೂ ಒಂದು ಕಾರಣ. ಮಾತ್ರೆಯಿಂದ ಕೆಮ್ಮು ಬಂದಿದೆ ಎಂಬ ಅನುಮಾನವಿದ್ದರೆ ವೈದ್ಯರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇಷ್ಟೆಲ್ಲ ಉಪಾಯ ಉಣುಗಿಗೆ ಏಕೆ ಬೇಕು? ಸೊಳ್ಳೆಯ ಊಟ ಕೆಲವು ನಿಮಿಷದ್ದು. ಉಣುಗಿನ ಊಟ ಹಲವು ದಿನಗಳದ್ದು. ಅಂದಹಾಗೆ ಉಣುಗು ಕೀಟವಲ್ಲ. ಜೇಡ, ಚೇಳುಗಳ ಬಂಧು. ಬೆಳೆದ ಉಣುಗಿಗೆ ಎಂಟು ಕಾಲು. ಕೆಲವು ಊರುಗಳಲ್ಲಿ ಇದಕ್ಕೆ ಉಣ್ಣೆ, ಉಣ್ಣಿ ಎಂದೂ ಹೇಳುತ್ತಾರೆ. ಬೆಳೆದ ಹೆಣ್ಣು ಉಣುಗು ರಕ್ತ ಕುಡಿದು ಮೊದಲಿನ ತೂಕದ ನೂರು ಪಟ್ಟಿಗೂ ಮೀರಿ ಊದಿಕೊಳ್ಳಬಲ್ಲುದು. ಅಷ್ಟು ದಿನ ಒಂದೇ ಜಾಗದಲ್ಲಿ ಕಚ್ಚಿಕೊಂಡಿರಬೇಕಾದರೆ ಆತಿಥೇಯನಿಗೆ ಸುಳಿವು ಸಿಕ್ಕಬಾರದಲ್ಲ!

ಹೊಟ್ಟೆಯೊಳಗಿನ ಕಥೆಯೂ ಅಷ್ಟೇ ಮುಖ್ಯ. ಸೊಳ್ಳೆ ಒಂದೇ ಸಲಕ್ಕೆ ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಕುಡಿಯುತ್ತದೆ. ಆ ರಕ್ತದ ಪ್ರೋಟೀನಿನಿಂದಲೇ ಅದರ ಮೊಟ್ಟೆಗಳಾಗಬೇಕು. ಪ್ರೋಟೀನು ಒಡೆಯುವ ಮುಖ್ಯ ಕಿಣ್ವ ಟ್ರಿಪ್ಸಿನ್. ನಮ್ಮ ಸಣ್ಣ ಕರುಳಿನಲ್ಲೂ ಈ ಹೆಸರಿನ ಕಿಣ್ವವಿದೆ. ಈಡಿಸ್ ಸೊಳ್ಳೆಯಲ್ಲಿ ಇದು ಎರಡು ಕಂತುಗಳಲ್ಲಿ ಬರುತ್ತದೆ. ರಕ್ತ ಕುಡಿದ ಸ್ವಲ್ಪ ಹೊತ್ತಿನಲ್ಲೇ ಅಲ್ಪ ಪ್ರಮಾಣದ ಟ್ರಿಪ್ಸಿನ್ ಹೊರಬರುತ್ತದೆ. ಇದು ಅಡುಗೆಯವರು ಸಾರಿನ ರುಚಿ ನೋಡಿದಂತೆ. ಬಂದಿರುವುದು ಒಳ್ಳೆಯ ಪ್ರೋಟೀನೇ ಎಂದು ಖಾತರಿಯಾದ ಮೇಲೆ ಎರಡನೆಯ ಕಂತು ಹೇರಳವಾಗಿ ಬರುತ್ತದೆ. ಸುಮಾರು 24 ಗಂಟೆಯ ಹೊತ್ತಿಗೆ ಅದು ತುತ್ತತುದಿ ಮುಟ್ಟುತ್ತದೆ. ಇದರ ನಡುವೆ ರಕ್ತದ ಮುದ್ದೆಯ ಸುತ್ತ ಕೈಟಿನ್ ಇರುವ ತೆಳುಪೊರೆಯೊಂದು ಕಟ್ಟಿಕೊಳ್ಳುತ್ತದೆ, ಇಡ್ಲಿ ಹಿಟ್ಟಿಗೆ ಬಾಳೆಲೆ ಸುತ್ತಿದಂತೆ.

ರಕ್ತದ ಜೊತೆ ಮಲೇರಿಯ ರೋಗಾಣು ಬಂದಿದ್ದರೆ ಅದಕ್ಕೆ ಎರಡು ಗಂಡಾಂತರ. ಟ್ರಿಪ್ಸಿನ್‌ಗೆ ಸಿಕ್ಕಿ ತಾನೂ ಜೀರ್ಣವಾಗಬಹುದು. ತಪ್ಪಿಸಿಕೊಂಡರೂ ಪೊರೆ ಅಡ್ಡಬರುತ್ತದೆ. ರೋಗಾಣು ಇದಕ್ಕಾಗಿ ಕೈಟಿನೇಸ್ ಎಂಬ ತನ್ನದೇ ಕಿಣ್ವದಿಂದ ಪೊರೆಗೆ ಕನ್ನ ಕೊರೆಯುತ್ತದೆ. ಕೋಳಿ ಮಲೇರಿಯದ ರೋಗಾಣುವಿನಲ್ಲಿ 1993ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೆರಗು ಹುಟ್ಟಿಸುವಂತಿತ್ತು. ರೋಗಾಣು ಸ್ರವಿಸುವ ಈ ಕಿಣ್ವ ಮೊದಲು ನಿಷ್ಕ್ರಿಯವಾಗಿರುತ್ತದೆ. ಅದನ್ನು ಎಚ್ಚರಗೊಳಿಸುವುದು ಸೊಳ್ಳೆಯದೇ ಟ್ರಿಪ್ಸಿನ್! ಕೈಟಿನೇಸ್ ಕೆಲಸ ಮಾಡದಂತೆ ತಡೆದಾಗ ರೋಗಾಣು ಮುಂದೆ ಹೋಗಲಾರದಾಯಿತು. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೂಕ್ಷ್ಮದರ್ಶಕದಡಿ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯ ರೋಗಾಣುವಿನ ಕೋಶಗಳನ್ನು ಕಂಡರು. ಅವು ಅಲ್ಲಿಗೆ ತಲುಪಲು ಕಿಣ್ವದಿಂದಲೇ ಬಾಗಿಲು ತೆರೆಯಬೇಕಿತ್ತೆಂಬುದು ತಿಳಿಯಲು ಸುಮಾರು ಒಂದು ಶತಮಾನ ಬೇಕಾಯಿತು.

ಉಣುಗಿನ ಹೊಟ್ಟೆ ಹೀಗಲ್ಲ. ಅದು ರಕ್ತವನ್ನು ಕರುಳಿನ ಪೊಳ್ಳಿನಲ್ಲಿ ಕಿಣ್ವ ಸುರಿದು ಕರಗಿಸುವುದಿಲ್ಲ. ಕರುಳಿನ ಗೋಡೆಯ ಜೀವಕೋಶಗಳು ರಕ್ತವನ್ನು ಸ್ವಲ್ಪಸ್ವಲ್ಪವೇ ಒಳಕ್ಕೆಳೆದುಕೊಂಡು, ಕ್ಯಾಥೆಪ್ಸಿನ್ ಮೊದಲಾದ ಕಿಣ್ವಗಳಿಂದ ಒಳಗೇ, ಆಮ್ಲೀಯ ವಾತಾವರಣದಲ್ಲಿ, ನಿಧಾನವಾಗಿ ಜೀರ್ಣಿಸುತ್ತವೆ. ಕಣಜದಲ್ಲಿ ತುಂಬಿಟ್ಟ ಭತ್ತವನ್ನು ದಿನವೂ ಸೇರು ಸೇರಾಗಿ ತೆಗೆದು ಕುಟ್ಟಿದಂತೆ. ಹೀಗಾಗಿ ಕರುಳಿನ ಪೊಳ್ಳಿನಲ್ಲಿ ಬಿದ್ದ ವೈರಸ್, ಬ್ಯಾಕ್ಟೀರಿಯಗಳಿಗೆ ಸೊಳ್ಳೆಯ ಹೊಟ್ಟೆಯಲ್ಲಿರುವಂಥ ಕಿಣ್ವಗಳ ಕಾಟ ಕಡಿಮೆ. ಉಣುಗುಗಳು ಇಷ್ಟು ಬಗೆಯ ರೋಗಗಳನ್ನು ಹರಡಬಲ್ಲವಾಗಿರಲು ಇದೂ ಒಂದು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ.

ಇದು ನಮ್ಮ ಮನೆಬಾಗಿಲಿನ ಸಂಗತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು; ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅದು ಹೊಸ ವೈರಸ್ ಎಂದೂ ಉಣುಗು ಅದರ ವಾಹಕವೆಂದೂ ಕಂಡುಹಿಡಿದರು. ಇಂದು ಅದನ್ನು ಮಂಗನ ಕಾಯಿಲೆ ಎಂದು ಕರೆಯುತ್ತೇವೆ. ಮಂಗಕ್ಕೆ ಈ ಹೆಸರು ಅನ್ಯಾಯವೇ ಸರಿ. ಅದೂ ನಮ್ಮಂತೆಯೇ ರೋಗಕ್ಕೆ ಬಲಿಯಾಗುವ ಪ್ರಾಣಿ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲ ತರಗೆಲೆಗಳಲ್ಲಿ ಹರಡುತ್ತವೆ.

ಈ ಉಣುಗಿನ ಬದುಕಿನಲ್ಲಿ ಮೊಟ್ಟೆಯ ನಂತರ ಮೂರು ಹಂತಗಳು: ಮರಿ, ಎಳೆಯ ಉಣುಗು, ಬೆಳೆದ ಉಣುಗು. ಪ್ರತಿ ಹಂತದಲ್ಲೂ ಒಂದೊಂದು ಪ್ರಾಣಿಯ ಮೇಲೆ ಒಂದೊಂದು ರಕ್ತದೂಟ. ಒಂದು ಹಂತದಲ್ಲಿ ಸೇರಿದ ವೈರಸ್ ಪೊರೆ ಕಳಚಿದ ಮೇಲೂ ಮುಂದಿನ ಹಂತದಲ್ಲಿ ಉಳಿದಿರುತ್ತದೆ. ಮನುಷ್ಯರಿಗೆ ಹೆಚ್ಚಾಗಿ ರೋಗ ತಗುಲಿಸುವುದು ನಡುವಣ ಹಂತದ ಎಳೆಯ ಉಣುಗು. ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಜನ ಕಾಡಿಗೆ ಸೌದೆಗೆ, ತರಗೆಲೆಗೆ ಹೋಗುವ ಕಾಲದಲ್ಲೇ, ಅದರ ಹಾವಳಿ. ಎಳ್ಳಿನ ಗಾತ್ರ. ಕಣ್ಣಿಗೆ ಬೀಳುವುದೂ ಕಷ್ಟ, ಕಚ್ಚಿದ್ದು ತಿಳಿಯುವುದೂ ಕಷ್ಟ.

ಉಣುಗಿನ ಜೊಲ್ಲು ವೈರಸ್ಸಿಗೆ ಬರೀ ವಾಹನವಲ್ಲ. ಯೂರೋಪಿನಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ ನಮ್ಮ ಕ್ಯಾಸನೂರು ವೈರಸ್ಸಿನ ಹತ್ತಿರದ ಸಂಬಂಧಿ. ಅದನ್ನು ಉಣುಗಿನ ಜೊಲ್ಲಿನ ಗ್ರಂಥಿಯ ಸಾರದೊಂದಿಗೆ ಬೆರೆಸಿ ಪ್ರಾಣಿಗಳಿಗೆ ಚುಚ್ಚಿದಾಗ, ಬರೀ ವೈರಸ್ ಚುಚ್ಚಿದಾಗಿಗಿಂತ ಹೆಚ್ಚು ಉಣುಗುಗಳಿಗೆ ಸೋಂಕು ದಾಟಿದುದನ್ನು 1990ರ ದಶಕದಲ್ಲಿ ಲಬುದ, ನಟಾಲ್ ಮೊದಲಾದವರು ತೋರಿಸಿದರು. ಜೊಲ್ಲು ಶರೀರದ ಕಾವಲುಗಾರರನ್ನು ಮಂಪರುಗೊಳಿಸುತ್ತದೆ. ಆ ಮಂಪರಿನಲ್ಲಿ ವೈರಸ್ ಒಳನುಗ್ಗುತ್ತದೆ.

ಕಿಣ್ವದ ಮಾತು ಇಲ್ಲಿಗೇ ಮುಗಿಯದು. ಉಣುಗು, ಸೊಳ್ಳೆಗಳನ್ನು ಕೊಲ್ಲಲು ಬಳಸುವ ಮೆಲಾಥಿಯಾನ್ ಎಂಬ ವಿಷ ಏಟು ಹಾಕುವುದೂ ಒಂದು ಕಿಣ್ವದ ಮೇಲೆಯೇ. ನರದ ಸಂದೇಶ ಮುಟ್ಟಿದ ಕೂಡಲೇ ಅದನ್ನು ಅಳಿಸಿಹಾಕುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲದೆ ಜೀವಿ ಒದ್ದಾಡಿ ಸಾಯುತ್ತದೆ. ಚರಂಡಿ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳಲ್ಲಿ ಕೆಲವು, ಇಂಥ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಎಸ್ಟರೇಸ್ ಕಿಣ್ವಗಳನ್ನು ಹೇರಳವಾಗಿ ತಯಾರಿಸಿ ಬದುಕುತ್ತವೆ. ವರ್ಷವರ್ಷವೂ ಅದೇ ಔಷಧ ಸಿಂಪಡಿಸಿದರೆ ಉಳಿದು ಸಂತಾನ ಬೆಳೆಸುವವು ಅವೇ. ಆದ್ದರಿಂದ ಔಷಧಕ್ಕೆ ಸೊಳ್ಳೆ ಸಾಯಲಿಲ್ಲವೆಂದು ಪ್ರಮಾಣ ದುಪ್ಪಟ್ಟು ಮಾಡಬೇಡಿ. ಮೆಲಾಥಿಯಾನ್ ಕಟ್ಟಿಹಾಕುವ ಕಿಣ್ವ ನಮ್ಮ ಮಕ್ಕಳ ನರಗಳಲ್ಲೂ ಇದೆ. ಸೊಳ್ಳೆ ಪರದೆ ಮತ್ತು ನೀರು ನಿಲ್ಲದ ಅಂಗಳದ ವಿರುದ್ಧ ಯಾವ ಸೊಳ್ಳೆಯ ಬಳಿಯೂ ಕಿಣ್ವವಿಲ್ಲ.

ಪಾಲಕರಿಗೆ ನಾನು ಹೇಳಬೇಕಾದ್ದು ಇಷ್ಟು. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ; ಆರೈಕೆಯೇ ಚಿಕಿತ್ಸೆ. ಮಲೆನಾಡಿನಲ್ಲಿ ಬಹಳ ವರ್ಷ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು ಅದನ್ನು 2022ರಲ್ಲಿ ನಿಲ್ಲಿಸಲಾಯಿತು. ರೋಗ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವುದುಂಟು. ಹಾಗಿರುವಾಗ ಉಣುಗು ಕಚ್ಚದಂತೆ ನೋಡಿಕೊಳ್ಳುವುದು, ಕಚ್ಚಿದ್ದರೆ ಬೇಗ ಪತ್ತೆ ಹಚ್ಚುವುದು, ಇವೇ ನಮ್ಮ ಕೈಲಿರುವ ಉಪಾಯ. ನೋವು ಬರಲಿ, ಆಮೇಲೆ ನೋಡೋಣ ಎಂದು ಕೂರುವಂತಿಲ್ಲ. ಆ ನೋವನ್ನು ಉಣುಗಿನ ಜೊಲ್ಲು ಮೊದಲೇ ಅಡಗಿಸಿರುತ್ತದೆ. ಚರ್ಮ ಹೇಳದ್ದನ್ನು ಕಣ್ಣು ಹುಡುಕಬೇಕು.

ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ. ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲವನ್ನು ಹೇಳಿದಂತೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮಕ್ಕಳ ಕಿವಿಯ ಹಿಂಭಾಗ, ಕಂಕುಳು, ತೊಡೆಯ ಸಂದು, ಸೊಂಟದ ಪಟ್ಟಿಯ ಜಾಗ, ಮಂಡಿಯ ಹಿಂದೆ ಬೆಳಕಿನಲ್ಲಿ ನೋಡಿ. ಉಣುಗು ಸಿಕ್ಕರೆ ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಕೆಣಕಿದ ಉಣುಗು ಇನ್ನಷ್ಟು ಜೊಲ್ಲನ್ನು ಗಾಯಕ್ಕೆ ಕಾರಬಹುದು. ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಬರಿಗೈಯಲ್ಲಿ ಹಿಸುಕಬೇಡಿ. ಗಾಯವನ್ನು ಸೋಪಿನಿಂದ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ. ಕಾಡಿನ ಸಂಪರ್ಕವಾದ ಒಂದೆರಡು ವಾರಗಳಲ್ಲಿ ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪರೀಕ್ಷೆಯಲ್ಲಿ 'ಕಿಣ್ವಗಳು ಜೈವಿಕ ವೇಗವರ್ಧಕಗಳು' ಎಂದು ಒಂದು ಸಾಲು ಬರೆದರೆ ಅಂಕ ಸಿಗುತ್ತದೆ. ಆ ಸಾಲಿನ ಅರ್ಥ ಗೊತ್ತಿದ್ದವರು ಕಾಡಿನಿಂದ ಬಂದ ತಮ್ಮ ತಂಗಿಯರನ್ನು ಬೆಳಕಿಗೆ ಕರೆದು ಕಿವಿಯ ಹಿಂದೆ ಒಮ್ಮೆ ನೋಡುತ್ತಾರೆ. ಈ ಬೇಸಿಗೆಯಲ್ಲಿ ಆ ಕೆಲಸವನ್ನು ಮನೆಯಲ್ಲಿ ನೀವೇ ವಹಿಸಿಕೊಳ್ಳಿ.